ಹುಲ್ಲಿಗೆ ಸಾವಿರ ಫೋಟೊ, ತೋಳದ್ದು ಬಾಲ ಮಾತ್ರ: ಆರು ಸಾವಿರದ ಕ್ಯಾಮೆರಾ ಟ್ರ್ಯಾಪ್ ಹೇಗಿದೆ?

ಆನ್‌ಲೈನ್‌ನಲ್ಲಿ ಐದೂವರೆಯಿಂದ ಏಳು ಸಾವಿರ ರೂಪಾಯಿಯೊಳಗೆ ಸಿಗುವ, ಅಂಗೈಗಿಂತ ತುಸು ದೊಡ್ಡದಾದ, ಮೈತುಂಬ ಒಣ ಎಲೆಗಳ ಚಿತ್ರ ಹೊತ್ತ ಪ್ಲಾಸ್ಟಿಕ್ ಡಬ್ಬಿಯ ವಿಮರ್ಶೆ ಇದು. ಪ್ರಾಣಿ ಎದುರಿಗೆ ಸುಳಿದಾಗ ತಾನೇ ಎದ್ದು ಫೋಟೊ ತೆಗೆಯುವ ಕ್ಯಾಮೆರಾ ಇದರೊಳಗಿದೆ. ಕಂಪನಿಯ ಹೆಸರು ಬರೆದು ಪ್ರಯೋಜನವಿಲ್ಲ. ಅದೇ ಅಚ್ಚು, ಅದೇ ಮೆನು, ಅದೇ ಎಂಟು ಸೆಲ್ಲಿನ ಗೂಡು ನಾಲ್ಕೈದು ಹೆಸರಲ್ಲಿ ಮಾರಾಟಕ್ಕಿದೆ. ಈ ತಿಂಗಳು ಕಂಡ ಹೆಸರು ಬರುವ ತಿಂಗಳು ಇರುವುದಿಲ್ಲ. ಗುರುತು ಹಿಡಿಯುವುದು ಸುಲಭ. ಮುಂದೆ ಮೂರು ಉಬ್ಬುಗಣ್ಣು, ನಡುವೆ ಒಂದು, ಎಡಬಲಕ್ಕೆ ಒಂದೊಂದು. ಮೇಲೆ ಸಾಲಾಗಿ ಎಲ್‌ಇಡಿ, ಒಳಗೆ ಎರಡಿಂಚಿನ ಪರದೆ, ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ '36 ಮೆಗಾಪಿಕ್ಸೆಲ್'.

ಗದಗ, ಹಾವೇರಿ, ಧಾರವಾಡದ ಕಡೆ ತೋಳದ ಮೇಲೆ ಕೆಲಸ ಮಾಡಬೇಕೆಂದು ಹೊರಡುವ ವಿದ್ಯಾರ್ಥಿನಿಯರು, ಸಣ್ಣ ಪರಿಸರ ಬಳಗಗಳು ಮೊದಲು ಕೈ ಹಾಕುವುದು ಇದಕ್ಕೇ. ದುಡ್ಡಿನ ಲೆಕ್ಕದಲ್ಲಿ ಅದು ಸರಿ. ತೋಳದ ಲೆಕ್ಕದಲ್ಲಿ ಸರಿಯೇ ಎಂಬುದು ಬೇರೆ ಮಾತು. ಕಾಡಿನಲ್ಲಿ ಹುಲಿಗೆ ಕಟ್ಟುವ ಕ್ಯಾಮೆರಾದ ರೂಢಿಗಳು ಇಲ್ಲಿ ನಡೆಯುವುದಿಲ್ಲ. ಕಪ್ಪತಗುಡ್ಡದ ಸುತ್ತಲಿನ ಬಯಲಲ್ಲಿ, ರಾಣೆಬೆನ್ನೂರಿನ ಚಿಗರಿ ಓಡಾಡುವ ಹುಲ್ಲುಗಾವಲಲ್ಲಿ ಕಟ್ಟಲು ಮರವೇ ಇಲ್ಲ. ಗಾಳಿ ನಿಲ್ಲುವುದಿಲ್ಲ, ಹುಲ್ಲು ಸುಮ್ಮನಿರುವುದಿಲ್ಲ, ದಿನಕ್ಕೆರಡು ಸಲ ಮುನ್ನೂರು ಕುರಿ ಎದುರಿಗೇ ಹಾದುಹೋಗುತ್ತವೆ. (ಹುಬ್ಬಳ್ಳಿಯವರಿಗೆ ಈಗ ಚಿಗರಿ ಅಂದರೆ ಬಿಆರ್‌ಟಿಎಸ್ ಬಸ್ಸು. ಇಲ್ಲಿ ಹೇಳುತ್ತಿರುವುದು ಕೃಷ್ಣಮೃಗ.)

ನೇರವಾಗಿ ಹೇಳಿಬಿಡುವುದಾದರೆ, ಇದು ನೀರಿನ ಬದಿಯ ಕ್ಯಾಮೆರಾ. ಗಾಡಿದಾರಿಯ ಕ್ಯಾಮೆರಾ ಅಲ್ಲ. ಕಾರಣ ತೋಳದ ಕಾಲಲ್ಲಿದೆ.

ತೋಳ ದಾರಿಯಲ್ಲಿ ಸಾಗುವಾಗ ನಡೆಯುವುದೂ ಇಲ್ಲ, ಪೂರ್ತಿ ಓಡುವುದೂ ಇಲ್ಲ. ಗಂಟೆಗೆ ಎಂಟು ಕಿಲೋಮೀಟರಿನ ಆಸುಪಾಸಿನ ಒಂದು ಹದವಾದ ಓಟ, ಅದನ್ನು ಗಂಟೆಗಟ್ಟಲೆ ಕಾಯ್ದುಕೊಳ್ಳುತ್ತದೆ. ಸೆಕೆಂಡಿಗೆ 2.2 ಮೀಟರ್ ಆಯಿತು. ಈ ಕ್ಯಾಮೆರಾದ ಲೆನ್ಸಿನ ನೋಟ ಸುಮಾರು 45 ಡಿಗ್ರಿ. ದಾರಿಯಿಂದ ಮೂರು ಮೀಟರ್ ದೂರದಲ್ಲಿ ದಾರಿಗೆ ನೆಟ್ಟಗೆ ಎದುರಾಗಿ ಇಟ್ಟರೆ ಚೌಕಟ್ಟಿನೊಳಗೆ ಬರುವುದು ಎರಡೂವರೆ ಮೀಟರ್ ದಾರಿ. ಪೆಟ್ಟಿಗೆಯ ಮೇಲೆ 'ಟ್ರಿಗರ್ ವೇಗ 0.3 ಸೆಕೆಂಡ್' ಎಂದಿದ್ದರೂ ಮಲಗಿದ ಕ್ಯಾಮೆರಾ ಎದ್ದು ಫೋಟೊ ತೆಗೆಯಲು ಹಗಲಲ್ಲಿ ಮುಕ್ಕಾಲು ಸೆಕೆಂಡ್, ರಾತ್ರಿ ಒಂದು ಸೆಕೆಂಡಿನ ಮೇಲೆ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ತೋಳ ಎರಡು ಮೀಟರಿನ ಮೇಲೆ ಸರಿದಿರುತ್ತದೆ. ಕೈಗೆ ಸಿಗುವುದು ಚೌಕಟ್ಟಿನ ಅಂಚಿನಲ್ಲಿ ಒಂದು ಬಾಲ, ಅದೃಷ್ಟವಿದ್ದರೆ ಹಿಂಗಾಲೊಂದು. ಆ ಬಾಲ ತೋಳದ್ದೋ ಹಟ್ಟಿಯ ನಾಯಿಯದ್ದೋ ಎಂದು ಆಮೇಲೆ ಒಂದು ವಾರ ಚರ್ಚೆ.

ಈ ವಿಳಂಬವನ್ನು ಮನೆಯ ಅಂಗಳದಲ್ಲೇ ಅಳೆಯಬಹುದು. ಬೆಳಗಿನ ತಂಪಿನಲ್ಲಿ ನೆಲದ ಮೇಲೆ ಸುಣ್ಣದಿಂದ ಉದ್ದಕ್ಕೆ ಹತ್ತು ಮೀಟರಿನ ಗೆರೆ ಎಳೆದು, ಅದರ ಮೇಲೆ 25 ಸೆಂಟಿಮೀಟರಿಗೊಂದು ಅಡ್ಡಗೆರೆ ಹಾಕಿ ಎಣಿಕೆ ಬರೆಯಿರಿ. ಗೆರೆಯ ನಡುಭಾಗಕ್ಕೆ ಎದುರಾಗಿ, ಮೂರು ಮೀಟರ್ ಹಿಂದಕ್ಕೆ, ಮೊಣಕಾಲೆತ್ತರದ ಸ್ಟೂಲಿನ ಮೇಲೆ ಕ್ಯಾಮೆರಾ ಇಡಿ. ಮೊದಲು ಕೈಯಿಂದ ಒಂದು ಫೋಟೊ ತೆಗೆದು ಚೌಕಟ್ಟು ಯಾವ ಎಣಿಕೆಯಿಂದ ಯಾವ ಎಣಿಕೆಯವರೆಗೆ ಎಂದು ನೋಡಿಕೊಳ್ಳಿ. ಆಮೇಲೆ ಒಬ್ಬರು ಆ ಹತ್ತು ಮೀಟರನ್ನು ನಾಲ್ಕೂವರೆ ಸೆಕೆಂಡಿನಲ್ಲಿ ದಾಟಬೇಕು. ಅದೇ ತೋಳದ ಓಟ. ಫೋಟೊದಲ್ಲಿ ಅವರ ಪಾದ ಯಾವ ಗೆರೆಯ ಮೇಲಿದೆ ನೋಡಿ, ಅವರು ಒಳಬಂದ ಕಡೆಯ ಚೌಕಟ್ಟಿನ ಅಂಚಿನಿಂದ ಅಲ್ಲಿಗಿರುವ ದೂರವನ್ನು ಮೀಟರಿನಲ್ಲಿ ಎಣಿಸಿ 2.2ರಿಂದ ಭಾಗಿಸಿ. ಹಗಲು ಹತ್ತು ಸಲ, ಕತ್ತಲಾದ ಮೇಲೆ ಹತ್ತು ಸಲ ಮಾಡಬೇಕು, ಒಂದೇ ಸಲ ನೋಡಿ ತೀರ್ಮಾನ ಬೇಡ. ಹತ್ತರಲ್ಲಿ ಎಷ್ಟು ಸಲ ಫೋಟೊವೇ ಬರಲಿಲ್ಲ ಎಂಬುದನ್ನೂ ಬರೆದಿಡಿ, ಸರಾಸರಿಗಿಂತ ಆ ಅಂಕಿಯೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಕೊಂಡಾಗಿದೆ, ದಾರಿಗೇ ಇಡಬೇಕು ಎಂದಾದರೆ ಒಂದು ಉಪಾಯವಿದೆ. ಕ್ಯಾಮೆರಾವನ್ನು ದಾರಿಗೆ 45 ಡಿಗ್ರಿ ಓರೆ ಮಾಡಿ. ಅದೇ ಮೂರು ಮೀಟರ್ ದೂರ, ಅದೇ ಲೆನ್ಸು, ಆದರೆ ಚೌಕಟ್ಟಿನೊಳಗೆ ಬೀಳುವ ದಾರಿ ಎರಡೂವರೆಯಿಂದ ಆರು ಮೀಟರಿಗೆ ಏರುತ್ತದೆ. ತೋಳ ಅಷ್ಟು ದೂರ ಸಾಗಲು ಎರಡೂಮುಕ್ಕಾಲು ಸೆಕೆಂಡ್ ಬೇಕು. ಸೋಮಾರಿ ಕ್ಯಾಮೆರಾಕ್ಕೂ ಅಷ್ಟು ಸಾಕು. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಒಳಗಿನ ಪಿಐಆರ್ ಸಂವೇದಕಕ್ಕೆ (ಎದುರಿನ ಶಾಖದ ಚಲನೆ ಗುರುತಿಸಿ ಕ್ಯಾಮೆರಾ ಎಬ್ಬಿಸುವ ಭಾಗ) ಅಡ್ಡಲಾಗಿ ಹೋಗುವ ಪ್ರಾಣಿ ಕಂಡಷ್ಟು ಚೆನ್ನಾಗಿ ನೇರ ಎದುರು ಬರುವ ಪ್ರಾಣಿ ಕಾಣುವುದಿಲ್ಲ. ಓರೆ 45 ದಾಟಿ ದಾರಿಯುದ್ದಕ್ಕೆ ನೋಡುವಂತೆ ಇಟ್ಟರೆ ತೋಳ ಮೂಗಿನ ಹತ್ತಿರ ಬರುವವರೆಗೂ ಅದು ಏಳುವುದಿಲ್ಲ.

ಎರಡನೆಯ ದೋಷ ಮೊದಲಿನದಕ್ಕಿಂತ ಕೆಟ್ಟದ್ದು, ಯಾಕೆಂದರೆ ಅದು ಕಣ್ಣಿಗೆ ಬೀಳುವುದಿಲ್ಲ. ಒಂದು ಸಲ ತೆಗೆದ ಮೇಲೆ ಕಾರ್ಡಿಗೆ ಬರೆದು ಮತ್ತೆ ತಯಾರಾಗಲು ಈ ಕ್ಯಾಮೆರಾಕ್ಕೆ ಐದಾರು ಸೆಕೆಂಡ್ ಹಿಡಿಯುತ್ತದೆ. ತೋಳಗಳು ಸಾಲಾಗಿ ಒಂದರ ಹಿಂದೊಂದು ಹೋಗುತ್ತವೆ. ನಡುವೆ ಮೂರು ಮೀಟರ್ ಅಂತರವಿದ್ದರೆ ನಾಲ್ಕು ತೋಳದ ಸಾಲು ದಾಟಲು ನಾಲ್ಕೇ ಸೆಕೆಂಡ್. ಫೋಟೊದಲ್ಲಿ ಒಂದು ತೋಳ, ನಿಜಕ್ಕೆ ಹೋದದ್ದು ನಾಲ್ಕು. ಇಂಥ ಫೋಟೊ ನೋಡಿ 'ಒಂಟಿ ತೋಳ' ಎಂದು ವರದಿ ಬರೆದವರ ತಪ್ಪನ್ನು ಆಮೇಲೆ ತಿದ್ದುವವರು ಯಾರೂ ಇರುವುದಿಲ್ಲ. ಮೆನುವಿನಲ್ಲಿ ಒಂದು ಫೋಟೊ ಬದಲು ಮೂರರ ಸರಣಿ ಇಟ್ಟು, ನಡುವಿನ ಬಿಡುವನ್ನು ಸೊನ್ನೆಗೆ ಅಥವಾ ಇರುವುದರಲ್ಲೇ ಕಡಿಮೆಗೆ ಇಳಿಸಿದರೆ ಈ ನಷ್ಟ ಅರ್ಧ ತುಂಬುತ್ತದೆ. ವಿಡಿಯೊ ಬೇಡ. ರಾತ್ರಿಯ ವಿಡಿಯೊ ಅಂದರೆ ಎಲ್‌ಇಡಿ ಅಷ್ಟೂ ಹೊತ್ತು ಉರಿಯಬೇಕು, ಸೆಲ್ಲು ತಿಂದು ಮುಗಿಸುತ್ತದೆ.

ಈಗ ಹುಲ್ಲಿನ ವಿಷಯ.

ಪಿಐಆರ್ ಸಂವೇದಕ ಪ್ರಾಣಿಯನ್ನು ನೋಡುವುದಿಲ್ಲ. ಹಿನ್ನೆಲೆಯ ಶಾಖಕ್ಕೂ ಮುಂದೆ ಸರಿದಾಡಿದ್ದರ ಶಾಖಕ್ಕೂ ಇರುವ ವ್ಯತ್ಯಾಸವನ್ನು ನೋಡುತ್ತದೆ. ಬಿಸಿಲಿಗೆ ಕಾದ ಕರಡದ ಹುಲ್ಲು ಗಾಳಿಗೆ ತೂಗಿದರೂ ಅದಕ್ಕೆ ಪ್ರಾಣಿಯೇ. ಗದಗದ ಸುತ್ತ ಅಷ್ಟೊಂದು ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲವಷ್ಟೆ. ಕಾರ್ಡು ತೆಗೆದು ನೋಡಿದರೆ ಹುಲ್ಲು, ಹುಲ್ಲು, ಹುಲ್ಲು, ಒಂದು ಟಿಟ್ಟಿಭ, ಮತ್ತೆ ಹುಲ್ಲು. 'ತೋಳ ಬಂತು ತೋಳ' ಎಂದು ದಿನವಿಡೀ ಕೂಗಿದ ಹುಡುಗನ ಕತೆಯನ್ನು ಈ ಡಬ್ಬಿ ಪ್ರತಿದಿನ ಆಡಿ ತೋರಿಸುತ್ತದೆ. ನಿಜವಾದ ತೋಳ ಬರುವ ಹೊತ್ತಿಗೆ ಸೆಲ್ಲು ಸತ್ತಿರುತ್ತದೆ.

ಮಾಡಬೇಕಾದ್ದು ಇಷ್ಟು. ಕ್ಯಾಮೆರಾದ ಮುಂದೆ ಬೀಸಣಿಗೆಯಾಕಾರದಲ್ಲಿ ಮೂರು ಮೀಟರ್ ಹುಲ್ಲನ್ನು ಕುಡಗೋಲಿನಿಂದ ಬುಡದವರೆಗೆ ಕೊಯ್ಯಬೇಕು. ಕಿತ್ತರೆ ಮಣ್ಣು ಕೆದರಿ ತೋಳಕ್ಕೆ ಅನುಮಾನ, ಕೊಯ್ದರೆ ಸಾಕು. ಮಳೆಗಾಲದಲ್ಲಿ ಹತ್ತು ದಿನಕ್ಕೆ ಮತ್ತೆ ಅಲ್ಲಿಗೇ ಬರುತ್ತದೆ, ಮತ್ತೆ ಕೊಯ್ಯಬೇಕು. ಲೆನ್ಸು ಉತ್ತರಕ್ಕೋ ದಕ್ಷಿಣಕ್ಕೋ ಮುಖ ಮಾಡಿರಲಿ. ಪೂರ್ವ ಪಶ್ಚಿಮಕ್ಕಿದ್ದರೆ ಹುಟ್ಟುವ ಮುಳುಗುವ ಸೂರ್ಯನೇ ಅರ್ಧ ಕಾರ್ಡು ತುಂಬಿಸುತ್ತಾನೆ, ತೋಳ ಓಡಾಡುವುದೂ ಹೆಚ್ಚಾಗಿ ಆ ಹೊತ್ತಿಗೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಂವೇದನೆಯನ್ನು ಮಧ್ಯಮಕ್ಕೆ ಇಳಿಸಿ, ಬೇಸಿಗೆಯಲ್ಲಿ ಮೇಲಕ್ಕೆ ಏರಿಸಿ. ಎಡಬಲದ ಎರಡು ಉಬ್ಬುಗಣ್ಣುಗಳ ಮೇಲೆ ಕರೀ ಇನ್ಸುಲೇಶನ್ ಟೇಪು ಅಂಟಿಸಿ. ಆ ಎರಡು ಇರುವುದು ಬದಿಯಿಂದ ಬರುವ ಪ್ರಾಣಿಯನ್ನು ಮೊದಲೇ ಕಂಡು ಕ್ಯಾಮೆರಾ ಎಬ್ಬಿಸಲು. ಬರಿ ನೆಲದ ನೀರಿನ ಬದಿಯಲ್ಲಿ ಅವು ಉಪಕಾರಿ, ಹುಲ್ಲಿನ ನಡುವೆ ಉಪದ್ರವಿ.

ಬೇಸಿಗೆಯ ತೊಂದರೆ ಇದರ ತಿರುಗುಮುರುಗು. ಏಪ್ರಿಲ್‌ನ ಮಧ್ಯಾಹ್ನ ನೆಲ, ಕಲ್ಲು, ಗಾಳಿ ಎಲ್ಲ ಪ್ರಾಣಿಯ ಮೈಯಷ್ಟೇ ಕಾದಿರುತ್ತವೆ. ವ್ಯತ್ಯಾಸವೇ ಇಲ್ಲದ ಮೇಲೆ ಸಂವೇದಕಕ್ಕೆ ಕಾಣುವುದೇನು? ಇದು ಅಗ್ಗದ್ದಕ್ಕೆ ಮಾತ್ರ ಬಂದ ರೋಗವಲ್ಲ, ಇಪ್ಪತ್ತೈದು ಸಾವಿರದ್ದಕ್ಕೂ ಇದೆ. ಅದಕ್ಕೇ ಬೇಸಿಗೆಯ ಹಗಲಿನ ಫೋಟೊಗಳ ಎಣಿಕೆ ಕಡಿಮೆ ಬಂದರೆ ಪ್ರಾಣಿ ಕಡಿಮೆ ಎಂದು ಬರೆಯಬಾರದು. ಡಬ್ಬಿಗೆ ನೆರಳು ಮಾತ್ರ ಬೇಕೇ ಬೇಕು. ಬಿಸಿಲಲ್ಲಿ ಒಳಗಿನ ಕಾವಿಗೆ ಆಲ್ಕಲೈನ್ ಸೆಲ್ಲು ಸೋರುತ್ತದೆ. ಜೋಳದ ಕಣಿಕೆ ಹೊದಿಸಿದರೆ ಚೆಂದ ಕಾಣುತ್ತದೆ, ಮರೆಯೂ ಆಗುತ್ತದೆ, ಆದರೆ ಸಂಜೆಯೊಳಗೆ ಯಾರದೋ ಎತ್ತು ಬಂದು ತಿಂದು ಹೋಗುತ್ತದೆ. ಹಳೆಯ ಮನೆಯ ಹಂಚೊಂದನ್ನು ತಂತಿಯಿಂದ ಮೇಲೆ ಕಟ್ಟುವುದು ಒಳ್ಳೆಯದು.

ಸೆಲ್ಲಿನ ಲೆಕ್ಕದಲ್ಲಿ ಮಾರುವವರ ಮಾತು ಅರ್ಧ ಸುಳ್ಳು. 'ಎಂಟು ತಿಂಗಳು ಬಾಳಿಕೆ' ಅಂದರೆ ಒಂದೂ ಫೋಟೊ ತೆಗೆಯದೆ ಸುಮ್ಮನೆ ಕೂತರೆ ಎಂಟು ತಿಂಗಳು ಎಂದರ್ಥ. ಗಾಳಿ, ಹುಲ್ಲು, ರಾತ್ರಿಯ ಫ್ಲಾಷು ಸೇರಿದರೆ ಎರಡು ವಾರ ದಾಟಿಸುವುದು ಕಷ್ಟ. ಇದರ ಗೂಡಿನಲ್ಲಿ ಎಂಟು ಎಎ ಸೆಲ್ಲು, ನಾಲ್ಕು ನಾಲ್ಕರ ಎರಡು ಗುಂಪು. ನಾಲ್ಕೇ ಹಾಕಿದರೂ ಓಡುತ್ತದೆ ಎಂಬುದರಿಂದ ಇದು ಗೊತ್ತಾಗುತ್ತದೆ. ಆಲ್ಕಲೈನ್ ಸೆಲ್ಲು 1.5 ವೋಲ್ಟ್, ನಾಲ್ಕಕ್ಕೆ 6. ಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲು 1.2, ನಾಲ್ಕಕ್ಕೆ 4.8. ಹೊಸದಾಗಿ ಚಾರ್ಜ್ ಮಾಡಿ ಹಾಕಿದರೂ ಪರದೆ 'ಬ್ಯಾಟರಿ ಅರ್ಧ' ಎಂದು ತೋರಿಸುವುದು ಇದಕ್ಕೇ, ಹೆದರಬೇಕಿಲ್ಲ. ಆದರೆ ವೋಲ್ಟೇಜು ಇನ್ನಷ್ಟು ಇಳಿದಾಗ ಈ ಕ್ಯಾಮೆರಾ ಒಂದು ಕುತಂತ್ರ ಮಾಡುತ್ತದೆ. ಹಗಲು ಫೋಟೊ ತೆಗೆಯುತ್ತದೆ, ರಾತ್ರಿ ಎಲ್‌ಇಡಿ ಹೊತ್ತಿಸಲಾರದೆ ಕಪ್ಪು ಚೌಕಟ್ಟು ಬರೆದಿಡುತ್ತದೆ. ಹೊರಗಿನಿಂದ ನೋಡಿದವರಿಗೆ ಎಲ್ಲ ಸರಿಯಿದೆ ಎಂದೇ ಅನಿಸಬೇಕು. ಕಾರ್ಡು ತೆಗೆದಾಗ ರಾತ್ರಿಯ ಕೊನೆಯ ಸ್ಪಷ್ಟ ಫೋಟೊದ ತಾರೀಕನ್ನು ಪ್ರತಿ ಸಲ ಬರೆದುಕೊಳ್ಳಿ. ಕ್ಯಾಮೆರಾ ಎಷ್ಟು ರಾತ್ರಿ ನಿಜಕ್ಕೂ ಕೆಲಸ ಮಾಡಿತು ಎಂಬ ಲೆಕ್ಕ ಅಲ್ಲಿಗೇ ನಿಲ್ಲಬೇಕು.

ಎಎ ಗಾತ್ರದ ಸೆಲ್ಲಿನ ಮೇಲೆ 4000 ಎಂಎಎಚ್ ಎಂದು ಬರೆದಿದ್ದರೆ ಅದನ್ನು ಅಲ್ಲೇ ಬಿಟ್ಟುಬನ್ನಿ. ಆ ಗಾತ್ರದಲ್ಲಿ ಅಷ್ಟು ಹಿಡಿಯುವುದಿಲ್ಲ. 2000ದ್ದು, ಇಟ್ಟಲ್ಲೇ ಖಾಲಿಯಾಗದ ಬಗೆಯದ್ದು ಸಾಕು. ಒಂದು ಕ್ಯಾಮೆರಾಕ್ಕೆ ಎರಡು ಜೊತೆ, ಅಂದರೆ ಹದಿನಾರು. ಜೊತೆಗೆ ಮಾರ್ಕರ್ ಪೆನ್ನಿನಿಂದ ಗುರುತು ಹಾಕಿ, ಹಳತು ಹೊಸತು ಬೆರೆಸಬೇಡಿ. ಬೆರೆಸಿದಲ್ಲಿ ಎಂಟರಲ್ಲಿ ಒಂದು ಮೊದಲು ಬತ್ತಿ ಉಳಿದವು ಅದನ್ನು ಉಲ್ಟಾ ತಳ್ಳಲು ಶುರುಮಾಡುತ್ತವೆ, ಸೋರಿಕೆ ಆಗುವುದು ಅಲ್ಲಿಂದಲೇ.

ಮೆಗಾಪಿಕ್ಸೆಲ್ ಬಗ್ಗೆ ಎರಡೇ ಮಾತು. 36 ಎಂಬುದು ಹಿಗ್ಗಿಸಿದ ಅಂಕಿ. ಒಳಗಿನ ಸೆನ್ಸರ್ ಹಿಡಿಯುವುದು ಅದರ ಒಂದು ಪಾಲು, ಉಳಿದದ್ದು ಸಾಫ್ಟ್‌ವೇರ್ ಹಿಂಜಿ ತುಂಬಿದ ಹತ್ತಿ. ಮೆನುವಿನಲ್ಲಿ 5 ಅಥವಾ 8ಕ್ಕೆ ಇಳಿಸಿ. ಮೂರು ಎಂಬಿಯ ಫೋಟೊ ಆದರೆ 32 ಜಿಬಿ ಕಾರ್ಡಿಗೆ ಹತ್ತು ಸಾವಿರ ಹಿಡಿಯುತ್ತವೆ. 36ರಲ್ಲೇ ಬಿಟ್ಟರೆ ಅದರ ಮೂರನೆಯ ಒಂದು ಪಾಲೂ ಕಷ್ಟ. ಕಾರ್ಡನ್ನು ಕಂಪ್ಯೂಟರಿನಲ್ಲಿ ಅಲ್ಲ, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಇನ್ನೊಂದು ಸಣ್ಣ ಮುಳ್ಳು: ತಾರೀಕಿನ ಕ್ರಮ. ತಿಂಗಳು ಮೊದಲು ಬರುವ ಕ್ರಮದಲ್ಲಿ ಬಂದಿರುತ್ತದೆ, 03/04 ಎಂಬುದು ಮಾರ್ಚ್ 4ಓ ಏಪ್ರಿಲ್ 3ಓ ಎಂದು ವರ್ಷ ಕಳೆದ ಮೇಲೆ ಯಾರಿಗೂ ಹೇಳಲು ಬರುವುದಿಲ್ಲ. ಸೆಲ್ಲು ಪೂರ್ತಿ ಸತ್ತು ಬದಲಿಸಿದಾಗ ಗಡಿಯಾರವೂ ಹಿಂದಕ್ಕೆ ಹೋಗಿರುತ್ತದೆ. ಅಂಚಿನ ಪಟ್ಟಿಯಲ್ಲಿ ಬರುವ ಉಷ್ಣಾಂಶವನ್ನು ನಂಬಬೇಡಿ, ಅದು ಡಬ್ಬಿಯ ಜ್ವರ.

ರಾತ್ರಿಯ ಬೆಳಕಲ್ಲಿ ಎರಡು ಬಗೆ ಸಿಗುತ್ತವೆ. 850 ನ್ಯಾನೊಮೀಟರಿನದ್ದು ದೂರ ಬೀರುತ್ತದೆ, ಆದರೆ ಉರಿದಾಗ ಮಂದ ಕೆಂಪು ಕಾಣುತ್ತದೆ. 940ರದ್ದು ಕಣ್ಣಿಗೆ ಕಾಣುವುದಿಲ್ಲ, ದೂರ ಕಡಿಮೆ. ಬಯಲಲ್ಲಿ ಆ ಕೆಂಪು ಚುಕ್ಕೆ ಕಳ್ಳನಿಗೆ ಕೈಮರ ಇದ್ದಂತೆ. 940ರದ್ದನ್ನೇ ಆರಿಸಿ. ಮೂರು ಮೀಟರಿನೊಳಗೆ ಪ್ರಾಣಿ ಬಂದರೆ ಮೈಯೆಲ್ಲ ಬೆಳ್ಳಗೆ ಸುಟ್ಟಂತೆ ಬರುತ್ತದೆ. ಎಲ್‌ಇಡಿ ಸಾಲಿನ ಅರ್ಧಕ್ಕೆ ಬಿಳಿ ಮೆಡಿಕಲ್ ಟೇಪಿನ ಒಂದು ಪದರ ಅಂಟಿಸಿದರೆ ಸರಿಹೋಗುತ್ತದೆ.

ನಿಲ್ಲಿಸುವುದು ಹೇಗೆ? ಪೆಟ್ಟಿಗೆಯೊಳಗೆ ಬರುವ ನೈಲಾನ್ ಪಟ್ಟಿ ಮರಕ್ಕೆ. ಜಾಲಿ ಇದ್ದಲ್ಲಿ ಸರಿ, ಉಳಿದೆಡೆ ಗೂಟ ಬೇಕು. ವೆಲ್ಡಿಂಗ್ ಅಂಗಡಿಯಲ್ಲಿ ನಾಲ್ಕಡಿಯ ಕಬ್ಬಿಣದ ಆಂಗಲ್ ಕತ್ತರಿಸಿ, ತುದಿ ಚೂಪು ಮಾಡಿಸಿ, ಮೇಲೆ ಬೋಲ್ಟಿಗೆ ತೂತು ಹೊಡೆಸಿ. ಮಸಾರಿ ನೆಲದಲ್ಲಿ ಒಂದೂವರೆ ಅಡಿ ಇಳಿಸಿದರೆ ಅಲುಗುವುದಿಲ್ಲ. ಎರಿ ನೆಲದ ಆಟ ಬೇರೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಗೂಟ ಸಡಿಲ, ಮಳೆಗೆ ಉಬ್ಬಿ ಓರೆ. ಅಲ್ಲಿ ಬದುವಿನ ಮೇಲೆ, ಕಲ್ಲು ಸೇರಿದ ಜಾಗ ಹುಡುಕಬೇಕು, ಇಲ್ಲವೇ ಎರಡೂವರೆ ಅಡಿ ಇಳಿಸಿ ಸುತ್ತ ಕಲ್ಲು ಗಿಡಿಯಬೇಕು. ಲೆನ್ಸು ನೆಲದಿಂದ 40ರಿಂದ 50 ಸೆಂಟಿಮೀಟರ್ ಎತ್ತರದಲ್ಲಿರಲಿ. ನಮ್ಮ ತೋಳ ಹೆಗಲಿನವರೆಗೆ ಎರಡಡಿಯ ಆಸುಪಾಸು ಎತ್ತರ, ಸೊಂಟದೆತ್ತರಕ್ಕೆ ಕಟ್ಟಿದರೆ ಬೆನ್ನು ಮಾತ್ರ ಸಿಗುತ್ತದೆ.

ಮುಚ್ಚಳದ ರಬ್ಬರ್ ವಾಷರನ್ನು ಹತ್ತಿರದಿಂದ ನೋಡಿ. ಎರಡು ಮಿಲಿಮೀಟರ್ ದಪ್ಪದ ಬೂದು ದಾರದಂಥ ಪಟ್ಟಿ, ಕೆಳಮೂಲೆಯಲ್ಲಿ ಜೋಡಣೆ. ಕರಡದ ಹುಲ್ಲಿನ ಒಂದೇ ಒಂದು ಊಬು ಅಲ್ಲಿ ಸಿಕ್ಕಿಕೊಂಡರೂ ಮುಚ್ಚಳ ಮುಚ್ಚಿದಂತೆ ಕಾಣುತ್ತದೆ, ಕೊಂಡಿಯೂ 'ಟಕ್' ಎನ್ನುತ್ತದೆ, ಒಳಗೆ ಇರುವೆ ಹೋಗುವಷ್ಟು ದಾರಿ ಉಳಿದಿರುತ್ತದೆ. ವಾರದಲ್ಲಿ ಕಾರ್ಡಿನ ಸೀಳಿನೊಳಗೆ ಮೊಟ್ಟೆ. ಪ್ರತಿ ಸಲ ಮುಚ್ಚುವ ಮೊದಲು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ವಾಷರ್ ಸುತ್ತ ಗುಡಿಸಿ, ಒಳಗೊಂದು ಸಿಲಿಕಾ ಜೆಲ್ ಪೊಟ್ಟಣ ಇಡಿ. ಕೊಂಡಿಯ ವಿನ್ಯಾಸ ಬಿಗಿಯಾದದ್ದು, ಉಗುರು ಮುರಿಯುವಷ್ಟು. ಹಳೆಯ ಕೀಲಿಕೈ ಜೊತೆಗಿರಲಿ.

ಇಷ್ಟೆಲ್ಲ ಮಾಡಿದ ಮೇಲೆ ಈ ಡಬ್ಬಿ ಎಲ್ಲಿ ಗೆಲ್ಲುತ್ತದೆ? ನೀರಿನ ಬದಿಯಲ್ಲಿ. ಫೆಬ್ರುವರಿಯಿಂದ ಮೇವರೆಗೆ ಹಳ್ಳದ ಚೆಕ್‌ಡ್ಯಾಮಿನ ಹಿಂದೆ ಉಳಿದ ಮಡು, ಗೋಕಟ್ಟೆಯ ತಗ್ಗಾದ ದಂಡೆ. ತೋಳ ಅಲ್ಲಿ ಬಂದು ನಿಲ್ಲುತ್ತದೆ, ಸುತ್ತ ನೋಡುತ್ತದೆ, ಬಾಗಿ ಕುಡಿಯುತ್ತದೆ. ಒಂದು ಸೆಕೆಂಡ್ ವಿಳಂಬ ಅಲ್ಲಿ ಲೆಕ್ಕಕ್ಕಿಲ್ಲ. ನೆಲ ಬರಿದು, ಹುಲ್ಲಿನ ಕಾಟವಿಲ್ಲ. ಗುಂಪಿನಲ್ಲಿ ಎಷ್ಟಿವೆ ಎಂಬುದೂ ಅಲ್ಲೇ ಚೆನ್ನಾಗಿ ಗೊತ್ತಾಗುವುದು. ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡ ಬೇಡ, ಅದರ ದಂಡೆ ಜಾರುತ್ತದೆ. ಹಗಲೆಲ್ಲ ಕುರಿ ದನ ಬರುವುದರಿಂದ ಮೆನುವಿನ ಟೈಮರನ್ನು ಸಂಜೆ 6ರಿಂದ ಬೆಳಿಗ್ಗೆ 8ಕ್ಕೆ ಕಟ್ಟಿಹಾಕಿ. ದಾರಿಯಲ್ಲೇ ಇಡಬೇಕು, ಗುಂಪಿನ ಎಣಿಕೆ ಬೇಕು ಎನ್ನುವವರು ಇಂಥ ಮೂರರ ಬದಲು ಹದಿನೆಂಟು ಸಾವಿರದ ಮೇಲಿನದ್ದು ಒಂದು ಕೊಳ್ಳುವುದು ಲೇಸು. ಆರು ಸಾವಿರವೂ ಆರು ಸಾವಿರಕ್ಕೆ ನಿಲ್ಲುವುದಿಲ್ಲ. ಹದಿನಾರು ಸೆಲ್ಲು, ಚಾರ್ಜರ್, ಎರಡು ಕಾರ್ಡು, ಕಬ್ಬಿಣದ ಪೆಟ್ಟಿಗೆ, ಬೀಗ, ಗೂಟ ಸೇರಿ ದುಪ್ಪಟ್ಟು ಮುಟ್ಟುತ್ತದೆ.

ಮರಿ ಹಾಕುವ ಗವಿಯ ಹತ್ತಿರ ಯಾವ ಬೆಲೆಯ ಕ್ಯಾಮೆರಾವೂ ಬೇಡ. ನಮ್ಮ ಕಡೆ ತೋಳ ಹೆಚ್ಚಾಗಿ ಚಳಿಗಾಲದಲ್ಲಿ ಮರಿ ಹಾಕುತ್ತದೆ. ಮನುಷ್ಯರ ವಾಸನೆ ಹತ್ತಿರ ಬಂತೆಂದರೆ ತಾಯಿ ಮರಿಗಳನ್ನು ಕಚ್ಚಿಕೊಂಡು ಬೇರೆಡೆ ಸಾಗುತ್ತದೆ, ಆ ಸಾಗಾಟದಲ್ಲಿ ಮರಿಗೆ ಅಪಾಯ. ಫೋಟೊ ಸಿಕ್ಕಿತೆಂದು ಜಾಗದ ಹೆಸರು ಹಾಕಿ ಹಂಚುವುದೂ ಬೇಡ. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎಂಬ ಗಾದೆ ಈ ಸೀಮೆಯಲ್ಲಿ ಇನ್ನೂ ಬರೀ ಗಾದೆಯಾಗಿ ಉಳಿದಿಲ್ಲ. 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹೆಸರಿದ್ದರೂ ದೇಶದಲ್ಲಿ ಇರುವುದು ಮೂರು ಸಾವಿರದ ಆಸುಪಾಸು, 2025ರಲ್ಲಿ ಪ್ರಕೃತಿ ಸಂರಕ್ಷಣೆಯ ಅಂತಾರಾಷ್ಟ್ರೀಯ ಒಕ್ಕೂಟ ಐಯುಸಿಎನ್ ಭಾರತದ ತೋಳವನ್ನು ಬೇರೆಯಾಗಿಯೇ ತೂಗಿ ಅಪಾಯದ ಪಟ್ಟಿಗೆ ಸೇರಿಸಿದೆ. ಕಪ್ಪತಗುಡ್ಡ 2019ರಿಂದ ವನ್ಯಧಾಮ. ಅದರೊಳಗೆ ಕ್ಯಾಮೆರಾ ಕಟ್ಟಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಹೊರಗೆ ಹೊಲದವರನ್ನು ಕೇಳಬೇಕು. ಅನುಮತಿ ಪತ್ರದಲ್ಲಿ ಊರಿನ ಹೆಸರು ಜಿಲ್ಲೆಯ ಸಮೇತ ಬರೆಯಿರಿ. ಬಂಕಾಪುರ ಎಂದರೆ ಹಾವೇರಿಯವರಿಗೆ ನವಿಲುಧಾಮ, ತೋಳಧಾಮದ ಬಂಕಾಪುರ ಕೊಪ್ಪಳದ ಗಂಗಾವತಿ ತಾಲ್ಲೂಕಿನದ್ದು.

ಕುರಿಗಾಹಿಗಳು ಇದನ್ನು ಕಂಡಾಗ ಮೊದಲು ಕೇಳುವ ಪ್ರಶ್ನೆ: "ತ್ವಾಳ ಬಂದ್ರ ಇದು ಒದರತೈತೇನ್ರಿ, ಅಕ್ಕಾರ?" ಒದರುವುದಿಲ್ಲ. ಕುರಿ ಉಳಿಸುವ ಸಾಮಾನು ಅಲ್ಲ ಇದು. ಕುರಿ ತರುಬಿದ ಹೊಲದಲ್ಲಿ ಬಲೆ, ನಾಯಿ, ಎಚ್ಚರ ಇವೇ ಕೆಲಸಕ್ಕೆ ಬರುವುದು. ಅದನ್ನು ಮೊದಲೇ ಬಾಯಿಬಿಟ್ಟು ಹೇಳದಿದ್ದರೆ ಕುರಿ ಹೋದ ದಿನ ಕ್ಯಾಮೆರಾವೂ ಹೋಗುತ್ತದೆ.

ಅದಕ್ಕಿಂತ ಮುಖ್ಯವಾದದ್ದು ಹೆಂಗಸರ ಮಾತು. ಊರಿನಿಂದ ಹಳ್ಳದ ಕಡೆ ಹೋಗುವ ದಾರಿಗಳಲ್ಲಿ ನಸುಕಿನಲ್ಲಿ ಯಾರು ಓಡಾಡುತ್ತಾರೆ, ಯಾತಕ್ಕೆ ಎಂಬುದು ಎಲ್ಲರಿಗೂ ಗೊತ್ತು. ಯಾರೂ ಸರ್ವೆಗೆ ಬಂದ ಗಂಡಸರಿಗೆ ಹೇಳುವುದಿಲ್ಲ. 940ರ ಬೆಳಕು ಕಣ್ಣಿಗೆ ಕಾಣುವುದಿಲ್ಲ ಎಂಬ ಗುಣವೇ ಇಲ್ಲಿ ದೋಷ. ಉತ್ತರಾಖಂಡದ ಕಾರ್ಬೆಟ್ ಹುಲಿಕಾಡಿನಲ್ಲಿ ಪ್ರಾಣಿಗಳಿಗೆಂದು ಕಟ್ಟಿದ ಕ್ಯಾಮೆರಾದಲ್ಲಿ ಬಯಲಿಗೆ ಹೋದ ಹೆಣ್ಣುಮಗಳ ಚಿತ್ರ ಸಿಕ್ಕಿ ಅದು ಹರಿದಾಡಿದ್ದು, ಊರವರು ಸಿಟ್ಟಿಗೆದ್ದು ಕ್ಯಾಮೆರಾ ಒಡೆದದ್ದು 2024ರಲ್ಲಿ ಪ್ರಕಟವಾದ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧನೆಯಲ್ಲಿದೆ. ಟೈಮರ್ ಹಾಕಿದರೆ ಪರಿಹಾರವಲ್ಲ, ತೋಳದ ಹೊತ್ತೂ ಅವರ ಹೊತ್ತೂ ಒಂದೇ. ಜಾಗ ಬದಲಿಸಬೇಕು. ತಂಡದ ಹೆಣ್ಣುಮಕ್ಕಳು ಊರಿನ ಹೆಂಗಸರ ಜೊತೆ ಕೂತು, ಯಾವ ದಾರಿ ತಮ್ಮದು ಎಂದು ಅವರು ಹೇಳಿದ್ದನ್ನು ನಕ್ಷೆಯಿಂದ ಮೊದಲು ಅಳಿಸಿ, ಉಳಿದದ್ದರಲ್ಲಿ ಗೂಟ ನೆಡಬೇಕು. ಮನುಷ್ಯರ ಫೋಟೊ ಬಂದರೆ ಕಾರ್ಡು ನೋಡುವ ಒಬ್ಬರೇ ಅಲ್ಲೇ ಅಳಿಸಬೇಕು. ಡಬ್ಬಿಯ ಮೇಲೆ 'ಇದು ಪ್ರಾಣಿ ಎಣಿಸುವ ಕ್ಯಾಮೆರಾ' ಎಂದು ಕನ್ನಡದಲ್ಲಿ ಬರೆದಂಟಿಸಿ.

ಇನ್ನು ಫೋಟೊದಿಂದ ಏನೆಲ್ಲ ತಿಳಿಯುವುದಿಲ್ಲ ಎಂಬುದು. ಹುಲಿಯ ಪಟ್ಟೆಯಂತೆ ತೋಳಕ್ಕೆ ಗುರುತಿಲ್ಲ. ಹತ್ತು ಫೋಟೊ ಅಂದರೆ ಹತ್ತು ತೋಳವೋ ಒಂದೇ ಹತ್ತು ಸಲವೋ ಹೇಳಲಾಗದು. ತೋಳವನ್ನು ಓದಿದ ಹೆಣ್ಣುಮಕ್ಕಳಲ್ಲಿ ಕೆಲವರು ಕ್ಯಾಮೆರಾ ಅಲ್ಲದ ಬೇರೆ ದಾರಿಗಳನ್ನೂ ಹಿಡಿದಿದ್ದಾರೆ. ಸಂಶೋಧಕಿ ಹಾಲಿ ರೂಟ್-ಗಟ್ಟರಿಜ್ ಊಳಿನ ದನಿಯಿಂದ ಒಂದೊಂದು ತೋಳವನ್ನು ಬೇರ್ಪಡಿಸಬಹುದೆಂದು ತೋರಿಸಿದರು, 2021ರಲ್ಲಿ ಅದನ್ನು ಭಾರತದ ತೋಳಗಳ ಮೇಲೂ ಮಾಡಿದ ತಂಡದಲ್ಲಿದ್ದರು. ಲಾರೆನ್ ಹೆನ್ನೆಲಿ ಅದೇ ವರ್ಷ ಡಿಎನ್‌ಎ ಓದಿ, ನಮ್ಮ ಬಯಲಿನ ತೋಳ ಇವತ್ತು ಬದುಕಿರುವ ತೋಳಗಳಲ್ಲೇ ಬಹಳ ಹಳೆಯ ಕವಲು ಎಂದು ತೋರಿಸಿದರು. ಇರಾವತಿ ಮಾಜಗಾಂವ್ಕರ್ ಮತ್ತು ಸಂಗಡಿಗರ 2019ರ ಅಧ್ಯಯನ ಮಹಾರಾಷ್ಟ್ರದ ಹೊಲ ಬಯಲುಗಳಲ್ಲಿ ತೋಳ, ಕತ್ತೆಕಿರುಬ, ಚಿರತೆ ಎಲ್ಲೆಲ್ಲಿವೆ ಎಂದು ಕಂಡುಕೊಂಡದ್ದು ಪ್ರಾಣಿಗಳನ್ನು ಬಲ್ಲ ಸ್ಥಳೀಯರನ್ನು ಕೇಳಿ. ಈ ಡಬ್ಬಿ ಅವಕ್ಕೆ ಜೊತೆಗಾರ, ಬದಲಿ ಅಲ್ಲ. ಹಿಕ್ಕೆ ಬಿದ್ದ ದಾರಿಕೂಡು, ನೇರ ಸಾಲಿನಲ್ಲಿ ಸಾಗಿದ ಹೆಜ್ಜೆ ನೋಡದೆ ಎಲ್ಲೋ ಗೂಟ ನೆಟ್ಟರೆ ಯಾವ ಬೆಲೆಯದ್ದಾದರೂ ಹುಲ್ಲನ್ನೇ ಎಣಿಸುತ್ತದೆ.

ನಾಯಿಯ ಗೊಂದಲವೂ ಇದೆ. ಹಟ್ಟಿಯ ಜೊತೆಗಿರುವ ಮುಧೋಳ ನಾಯಿ ರಾತ್ರಿಯ ಕಪ್ಪುಬಿಳುಪು ಫೋಟೊದಲ್ಲಿ ತೋಳದಷ್ಟೇ ಉದ್ದ ಕಾಲು, ಇಳಿದ ಹೊಟ್ಟೆ. ಕಿವಿ ನೋಡಿ. ಮುಧೋಳದ್ದು ಜೋತಿರುತ್ತದೆ, ತೋಳದ್ದು ನೆಟ್ಟಗೆ. ಊರನಾಯಿಯ ಬಾಲ ಮೇಲಕ್ಕೆ ಸುರುಳಿ, ತೋಳದ್ದು ಕೆಳಗೆ ಇಳಿಬಿಟ್ಟು ಪೊದೆಯಂತೆ. ಪುಣೆ ಬಳಿ ತೋಳ ನಾಯಿಯ ಬೆರಕೆ ಡಿಎನ್‌ಎಯಿಂದ ಖಚಿತವಾಗಿ 2023ರಲ್ಲಿ ಸುದ್ದಿಯಾದ ಮೇಲೆ, ಅನುಮಾನ ಬಂದ ಫೋಟೊವನ್ನು 'ಖಚಿತವಿಲ್ಲ' ಎಂಬ ಬೇರೆ ಫೋಲ್ಡರಿಗೆ ಹಾಕುವುದೇ ಪ್ರಾಮಾಣಿಕ ಕೆಲಸ. ಅಳಿಸಬೇಡಿ, ಎಣಿಕೆಗೂ ಸೇರಿಸಬೇಡಿ.

ರಿಪೇರಿ ಎಂಬುದು ಇದಕ್ಕಿಲ್ಲ. ಸೇವಾ ಕೇಂದ್ರ ಎಂದು ಕೊಟ್ಟ ನಂಬರು ಎತ್ತುವವರಿಲ್ಲ. ಸ್ಪ್ರಿಂಗಿಗೆ ಹಸಿರು ಕಿಲುಬು ಹತ್ತಿದರೆ ನಿಂಬೆರಸದಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಉಜ್ಜಿ, ಒರೆಸಿ, ಪೂರ್ತಿ ಒಣಗಿಸಿ. ಸ್ಪ್ರಿಂಗೇ ಮುರಿದರೆ ಹುಬ್ಬಳ್ಳಿಯ ಯಾವುದೇ ಮೊಬೈಲ್ ರಿಪೇರಿಯವರು ಬೆಸುಗೆ ಹಾಕಿಕೊಡುತ್ತಾರೆ. ಹಿಂದಿರುಗಿಸುವ ಅವಧಿ ಹೆಚ್ಚಿನ ಮಾರಾಟಗಾರರಲ್ಲಿ ಏಳೋ ಹತ್ತೋ ದಿನ. ಪೆಟ್ಟಿಗೆ ಬಂದ ದಿನವೇ ಸುಣ್ಣದ ಗೆರೆ ಎಳೆಯಿರಿ, ಅದೇ ರಾತ್ರಿ ಕತ್ತಲಲ್ಲಿ ಹತ್ತು ಸಲ ದಾಟಿ ನೋಡಿ. ರಾತ್ರಿ ಹತ್ತರಲ್ಲಿ ಮೂರಕ್ಕಿಂತ ಹೆಚ್ಚು ಸಲ ತಪ್ಪಿಸಿದರೆ ಪ್ಯಾಕಿಂಗ್ ಹರಿಯದೆ ವಾಪಸ್ ಕಳಿಸಿ. ಉಬ್ಬುಗಣ್ಣಿಗೆ ಟೇಪು ಅಂಟಿಸುವುದು ಆಮೇಲೆ, ಅಂಟಿನ ಕಲೆ ಕಂಡರೆ ವಾಪಸ್ ತಗೊಳ್ಳುವುದಿಲ್ಲ.